ಡೀಸೆಲ್ ಹೀಟರ್ ಮನೆಯೊಳಗೆ ಇಡಬಹುದಾ? ಮೊದಲು ಹೊಗೆ ಎಲ್ಲಿಗೆ ಹೋಗುತ್ತದೆ ನೋಡಿ

ಚಳಿಯ ರಾತ್ರಿ ಇಂಜಿನ್ ಓಡಿಸದೆಯೇ ಲಾರಿ ಡ್ರೈವರ್ ಕ್ಯಾಬಿನ್‌ನಲ್ಲಿ ಬೆಚ್ಚಗೆ ಮಲಗಲಿ ಎಂದು ಮಾಡಿದ ಯಂತ್ರ ಡೀಸೆಲ್ ಹೀಟರ್. ಜರ್ಮನಿಯ ವೆಬಾಸ್ಟೊ, ಎಬರ್‌ಶ್ಪೆಷರ್ ಕಂಪನಿಗಳು ಲಾರಿ, ದೋಣಿ, ಕ್ಯಾಂಪರ್ ವ್ಯಾನ್‌ಗಳಿಗಾಗಿ ಇದನ್ನು ದಶಕಗಳಿಂದ ಮಾಡುತ್ತಿವೆ. ಆಮೇಲೆ ಅದೇ ಮಾದರಿಯ ಅಗ್ಗದ ಚೀನೀ ಹೀಟರ್‌ಗಳು ಆನ್‌ಲೈನ್‌ನಲ್ಲಿ ಸಿಗತೊಡಗಿದವು. ಲಾರಿಯಿಂದ ಇಳಿದ ಈ ಪೆಟ್ಟಿಗೆ ಗ್ಯಾರೇಜಿಗೆ ಬಂತು, ಶೆಡ್ಡಿಗೆ ಬಂತು, ಟೆಂಟಿಗೆ ಬಂತು. ಈಗ ಮಲಗುವ ಕೋಣೆಯ ಬಾಗಿಲಿಗೂ ಬಂದು ನಿಂತಿದೆ.

ಹಾಗಾಗಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಇದನ್ನು ಮನೆಯೊಳಗೆ ಇಡಬಹುದಾ?

ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ಕೇಳಿದರೆ ಉತ್ತರ ಸುಲಭ. ಪೆಟ್ಟಿಗೆ ಎಲ್ಲಿದೆ ಅನ್ನುವುದು ಅಷ್ಟು ಮುಖ್ಯವಲ್ಲ. ಅದರ ಉರಿಗೆ ಬೇಕಾದ ಗಾಳಿ ಎಲ್ಲಿಂದ ಬರುತ್ತದೆ, ಉರಿದ ಮೇಲೆ ಹೊಗೆ ಎಲ್ಲಿಗೆ ಹೋಗುತ್ತದೆ ಅನ್ನುವುದು ಮುಖ್ಯ.

ಒಂದೇ ಹೆಸರು, ಬೇರೆ ಬೇರೆ ಯಂತ್ರ

'ಡೀಸೆಲ್ ಹೀಟರ್' ಅಂತ ಅಂಗಡಿಯಲ್ಲಿ ಕೇಳಿದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಯಂತ್ರಗಳನ್ನು ತೋರಿಸಬಹುದು.

ಒಂದು, ಫಿರಂಗಿಯ ಹಾಗೆ ಉದ್ದ ಕೊಳವೆ ಇರುವ ಹೀಟರ್. ಟಾರ್ಪೆಡೊ ಹೀಟರ್ ಅಂತಲೂ ಕರೆಯುತ್ತಾರೆ. ಹಿಂದೆ ಫ್ಯಾನ್, ನಡುವೆ ಬೆಂಕಿ, ಮುಂದಿನಿಂದ ಬಿಸಿಗಾಳಿ. ಬೆಂಕಿಯನ್ನು ದಾಟಿ ಬಂದ ಗಾಳಿಯೇ ನೇರವಾಗಿ ನಿಮ್ಮ ಮುಖಕ್ಕೆ ಬರುತ್ತದೆ, ಅಂದರೆ ಹೊಗೆಯೂ ಅದರ ಜೊತೆಗೇ ಬರುತ್ತದೆ. ಕಟ್ಟಡ ಕೆಲಸದ ಜಾಗ, ತೆರೆದ ಗೋದಾಮುಗಳಿಗೆ ಮಾಡಿದ ಯಂತ್ರ ಇದು. ಜನ ವಾಸಿಸುವ ಮನೆಯೊಳಗೆ ಇದು ಬೇಡವೇ ಬೇಡ. ಕಿಟಕಿ ಒಂದಿಷ್ಟು ತೆರೆದಿಟ್ಟರೂ ಬೇಡ. ಇದೇ ಆಕಾರದಲ್ಲಿ ಚಿಮಣಿ ಇರುವ ಮಾದರಿಗಳೂ ಇವೆ. ಅವುಗಳಲ್ಲಿ ಹೊಗೆ ಚಿಮಣಿಯಿಂದ ಬೇರೆಯೇ ಹೋಗುತ್ತದೆ. ಆದರೆ ಆ ಚಿಮಣಿಯನ್ನು ಹೊರಗೆ ಬಿಟ್ಟರೆ ಮಾತ್ರ ಉಪಯೋಗ.

ಎರಡು, ಲಾರಿಯಿಂದ ಬಂದ ನಮ್ಮ ಪೆಟ್ಟಿಗೆ. ಇದರಲ್ಲಿ ಬೆಂಕಿ ಮುಚ್ಚಿದ ಕೋಣೆಯಲ್ಲಿ ಉರಿಯುತ್ತದೆ, ಹೊಗೆಗೆ ಪ್ರತ್ಯೇಕ ಪೈಪ್ ಇರುತ್ತದೆ. ಈ ಲೇಖನ ಇದರ ಬಗ್ಗೆ.

ಬತ್ತಿ ಇರುವ ಸೀಮೆಎಣ್ಣೆ ಹೀಟರ್ ಮೂರನೆಯದು. ಅದಕ್ಕೆ ಡೀಸೆಲ್ ಹಾಕಬಾರದು. ಬತ್ತಿ ಕಟ್ಟಿಕೊಂಡು ಮಸಿ, ಹೊಗೆ ಏಳುತ್ತದೆ. ಅದರ ಮಾತು ಇಲ್ಲಿಗೆ ಸಾಕು.

ಪೆಟ್ಟಿಗೆಯೊಳಗೆ ಏನು ನಡೆಯುತ್ತದೆ

ಒಮ್ಮೆ ಹೀಟರ್ ಪಕ್ಕ ಕೂತು ಅದು ಶುರುವಾಗುವುದನ್ನು ಕೇಳಿಸಿಕೊಳ್ಳಿ. ಸ್ವಿಚ್ ಒತ್ತಿದ ಕೂಡಲೇ ಬಿಸಿ ಬರುವುದಿಲ್ಲ. ಮೊದಲು ಫ್ಯಾನ್ ಮೆಲ್ಲಗೆ ಗುಂಯ್ ಅನ್ನುತ್ತದೆ. ಗ್ಲೋ ಪ್ಲಗ್ ಅನ್ನುವ ಪುಟ್ಟ ಕಡ್ಡಿ ಕೆಂಪಗೆ ಕಾಯುತ್ತದೆ. ಆಮೇಲೆ ಪಂಪ್ ಸದ್ದು: ಟಕ್... ಟಕ್... ಟಕ್. ಒಂದೊಂದು ಟಕ್‌ಗೂ ಒಂದೊಂದು ಹನಿಯಷ್ಟು ಡೀಸೆಲ್ ಒಳಗೆ ಹೋಗುತ್ತದೆ. ಹೊರಗಿನ ಪೈಪ್‌ನಿಂದ ಒಂದಿಷ್ಟು ಬಿಳಿ ಹೊಗೆ ಬರುತ್ತದೆ. ಅದು ಇನ್ನೂ ಸರಿಯಾಗಿ ಉರಿಯದ ಡೀಸೆಲ್. ನಂತರ ಒಳಗೆ ಉರಿ ಹಿಡಿಯುತ್ತದೆ, ಸದ್ದು ಗಡುಸಾಗುತ್ತದೆ, ಟಕ್ ಟಕ್ ಬೇಗ ಬೇಗ ಬರುತ್ತದೆ. ಇಷ್ಟಕ್ಕೆ ಕೆಲವು ನಿಮಿಷ ಬೇಕು.

ಈಗ ಮುಖ್ಯ ಸಂಗತಿ. ಈ ಪೆಟ್ಟಿಗೆಯಲ್ಲಿ ಎರಡು ಬೇರೆ ಗಾಳಿಗಳು ಓಡಾಡುತ್ತವೆ. ಒಂದು ಉರಿಯ ಗಾಳಿ: ಸಣ್ಣ ಪೈಪ್‌ನಿಂದ ಒಳಗೆ ಬಂದು, ಬೆಂಕಿಗೆ ಆಕ್ಸಿಜನ್ ಕೊಟ್ಟು, ಹೊಗೆಯಾಗಿ ಇನ್ನೊಂದು ಪೈಪ್‌ನಿಂದ ಹೊರಗೆ ಹೋಗುತ್ತದೆ. ಇನ್ನೊಂದು ಕೋಣೆಯ ಗಾಳಿ: ಹಿಂದಿನಿಂದ ಒಳಗೆ ಹೋಗಿ, ಕಾದ ಅಲ್ಯೂಮಿನಿಯಂ ಮೈಯನ್ನು ಸವರಿಕೊಂಡು, ಮುಂದಿನಿಂದ ಬಿಸಿಯಾಗಿ ಬರುತ್ತದೆ. ಎರಡರ ನಡುವೆ ಇರುವುದು ಲೋಹದ ಗೋಡೆ.

ಬಿಸಿನೀರು ತುಂಬಿದ ಸ್ಟೀಲ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಿ. ಕೈ ಬೆಚ್ಚಗಾಗುತ್ತದೆ, ಆದರೆ ಒದ್ದೆಯಾಗುವುದಿಲ್ಲ. ಬಿಸಿ ದಾಟಿ ಬಂತು, ನೀರು ದಾಟಲಿಲ್ಲ. ಹೀಟರ್ ಮಾಡುವುದೂ ಅಷ್ಟೇ. ಲೋಟ ತೂತಾದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ?

ಒಂದು ಲೀಟರ್ ಡೀಸೆಲ್‌ನ ಲೆಕ್ಕ

ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಕರೆಂಟಿನಷ್ಟು ಶಕ್ತಿ ಇದೆ. ಒಂದು ಕಿಲೋವ್ಯಾಟ್ ಯಂತ್ರ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಇದು ಗೊತ್ತಿದ್ದರೆ ಹೀಟರ್ ಮೇಲಿನ ಲೇಬಲ್ ನಿಜವೋ ಸುಳ್ಳೋ ನೀವೇ ಪರೀಕ್ಷಿಸಬಹುದು. ಗಂಟೆಗೆ ಅರ್ಧ ಲೀಟರ್ ಕುಡಿಯುವ ಹೀಟರ್ ಹೆಚ್ಚೆಂದರೆ 5 ಕಿಲೋವ್ಯಾಟ್ ಕೊಡುತ್ತದೆ. ಮೇಲೆ 8 ಕಿಲೋವ್ಯಾಟ್ ಅಂತ ಸ್ಟಿಕ್ಕರ್ ಅಂಟಿಸಿದ್ದರೆ ಅದು ಸ್ಟಿಕ್ಕರಿನ ಶಕ್ತಿ ಅಷ್ಟೇ.

ಲೆಕ್ಕದ ಇನ್ನೊಂದು ಬದಿ ನೋಡಿ. ಆ ಒಂದು ಲೀಟರ್ ಪೂರ್ತಿ ಉರಿಯಲು ಸುಮಾರು 10 ಘನ ಮೀಟರ್ ಗಾಳಿ ಬೇಕು. ಉದ್ದ, ಅಗಲ ಮೂರು ಮೂರು ಮೀಟರ್ ಇರುವ ಸಣ್ಣ ಕೋಣೆಯಲ್ಲಿ ಇರುವ ಗಾಳಿಯೇ 24, 25 ಘನ ಮೀಟರ್. ಹೀಟರ್ ತನ್ನ ಉರಿಯ ಗಾಳಿಯನ್ನು ಅದೇ ಕೋಣೆಯಿಂದ ಎಳೆದುಕೊಂಡು, ಹೊಗೆಯನ್ನೂ ಅಲ್ಲೇ ಬಿಟ್ಟರೆ, ಒಂದು ಲೀಟರಿಗೇ ಕೋಣೆಯ ಆಕ್ಸಿಜನ್‌ನಲ್ಲಿ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಖಾಲಿ. ಬದಲಿಗೆ ಸಿಗುವುದು ಎರಡೂವರೆ ಕಿಲೋಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್, ಜೊತೆಗೆ ಒಂದು ಲೀಟರಿನಷ್ಟು ನೀರಿನ ಹಬೆ. ಹೊಗೆ ಒಳಗೆ ಬಿಡುವ ಹೀಟರ್‌ಗಳಿದ್ದ ಕಡೆ ಗೋಡೆ ಬೆವರುವುದು, ಬೂಷ್ಟು ಹಿಡಿಯುವುದು ಇದಕ್ಕೇ. ಹೊಗೆ ಹೊರಗೆ ಹೋಗುವ ಹೀಟರ್‌ನಲ್ಲಿ ಆ ಹಬೆಯೂ ಹೊಗೆಯ ಜೊತೆಗೇ ಹೊರಗೆ ಹೋಗುತ್ತದೆ. ಅದಕ್ಕೇ ಅದರ ಬಿಸಿ ಒಣ ಬಿಸಿ.

ಮೂಗಿಗೆ ಸಿಗದ ಅನಿಲ

ಇನ್ನೂ ಕೆಟ್ಟದ್ದು ಬೇರೆ ಇದೆ. ಬೆಂಕಿಗೆ ಗಾಳಿ ಸಾಕಾಗದಿದ್ದರೆ ಡೀಸೆಲ್ ಅರೆಬರೆ ಉರಿಯುತ್ತದೆ. ಲಾಟೀನಿನ ಬತ್ತಿ ಜಾಸ್ತಿ ಎತ್ತಿದರೆ ಗಾಜಿಗೆ ಮಸಿ ಕಟ್ಟುತ್ತದಲ್ಲ, ಅದೇ ಕಥೆ. ಆಗ ಮಸಿಯ ಜೊತೆ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮೂ ಬರುವುದಿಲ್ಲ.

ಅದು ಒಳಗೆ ಹೋಗಿ ಏನು ಮಾಡುತ್ತದೆ? ನಮ್ಮ ರಕ್ತದ ಹಿಮೋಗ್ಲೋಬಿನ್ ಅನ್ನು ಒಂದು ಬಸ್ ಅಂದುಕೊಳ್ಳಿ. ಶ್ವಾಸಕೋಶದ ಸ್ಟಾಪಿನಲ್ಲಿ ಆಕ್ಸಿಜನ್ ಹತ್ತುತ್ತದೆ, ಮೆದುಳು, ಹೃದಯ, ಸ್ನಾಯು ಹೀಗೆ ಬೇಕಾದ ಕಡೆ ಇಳಿಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಇದೇ ಬಸ್ಸಿಗೆ ನುಗ್ಗುತ್ತದೆ. ಹಿಮೋಗ್ಲೋಬಿನ್‌ಗೆ ಅದು ಅಂಟಿಕೊಳ್ಳುವ ಜೋರು ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ. ಸೀಟು ಹಿಡಿದರೆ ಬೇಗ ಏಳುವುದಿಲ್ಲ. ಸಾಲದ್ದಕ್ಕೆ, ಪಕ್ಕದ ಸೀಟಿನಲ್ಲಿ ಇರುವ ಆಕ್ಸಿಜನ್ ಕೂಡ ಸಲೀಸಾಗಿ ಇಳಿಯಲು ಬಿಡುವುದಿಲ್ಲ. ಬಸ್ ಓಡುತ್ತಲೇ ಇರುತ್ತದೆ, ಸ್ಟಾಪಿನಲ್ಲಿ ಯಾರೂ ಇಳಿಯುವುದಿಲ್ಲ.

ಹಾಗಾಗಿ ಗಾಳಿಯಲ್ಲಿ ತೀರಾ ಸಣ್ಣ ಪ್ರಮಾಣ ಇದ್ದರೂ ಅದು ರಕ್ತದಲ್ಲಿ ಸೇರುತ್ತಾ ಸೇರುತ್ತಾ ಹೋಗುತ್ತದೆ. ಎಚ್ಚರ ಇರುವವರಿಗೆ ತಲೆನೋವಾದರೂ ಬರುತ್ತದೆ. ಮಲಗಿದವರಿಗೆ ಅದು ಗೊತ್ತಾಗುವ ಮೊದಲೇ ಪ್ರಜ್ಞೆ ತಪ್ಪಬಹುದು.

'ಡೀಸೆಲ್ ವಾಸನೆ ಬರುತ್ತಿಲ್ಲ, ಹಾಗಾದರೆ ಹೊಗೆ ಒಳಗೆ ಬರುತ್ತಿಲ್ಲ' ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ವಾಸನೆ ಬಂದರೆ ತೊಂದರೆ ಇದೆ ಅನ್ನುವುದು ನಿಜ. ವಾಸನೆ ಇಲ್ಲದಿದ್ದರೆ ತೊಂದರೆ ಇಲ್ಲ ಅನ್ನುವುದು ನಿಜವಲ್ಲ.

ಹೊಗೆ ಎಲ್ಲಿಂದ ನುಸುಳುತ್ತದೆ

ಸರಿಯಾಗಿ ಕೂರಿಸಿದ ಹೀಟರ್‌ನಲ್ಲಿ ಎರಡು ಗಾಳಿ ಸೇರುವುದಿಲ್ಲ ಅಂದೆವು. ಹಾಗಾದರೆ ಅಪಾಯ ಎಲ್ಲಿಂದ? ಹೆಚ್ಚಾಗಿ ಪೆಟ್ಟಿಗೆಯಿಂದಲ್ಲ, ಪೈಪ್‌ಗಳಿಂದ.

ಹೊಗೆಯ ಪೈಪ್ ಸುಕ್ಕುಸುಕ್ಕಾದ ಸ್ಟೀಲ್ ಕೊಳವೆ. ಅದನ್ನು ಹೀಟರ್‌ಗೆ ಕ್ಲ್ಯಾಂಪ್ ಹಾಕಿ ಬಿಗಿದಿರುತ್ತಾರೆ. ಆ ಜಾಯಿಂಟ್ ಕಾಯುತ್ತದೆ, ಆರುತ್ತದೆ, ಅದುರುತ್ತದೆ. ದಿನ ಕಳೆದಂತೆ ಸಡಿಲವಾಗುತ್ತದೆ. ಇನ್ನು ಸೈಲೆನ್ಸರ್. ಇದರ ಬಗ್ಗೆ ಒತ್ತಿ ಹೇಳಬೇಕು. ಕಿಟ್ ಜೊತೆ ಬರುವ ಬಹುತೇಕ ಸೈಲೆನ್ಸರ್‌ಗಳ ಅಂಚು ಬರೀ ಮಡಚಿ ಒತ್ತಿದ್ದು, ಬೆಸುಗೆ ಹಾಕಿದ್ದಲ್ಲ. ನೀರು ಇಳಿಯಲಿ ಅಂತ ಕೆಳಗೆ ಸಣ್ಣ ತೂತೂ ಇರುತ್ತದೆ. ಲಾರಿಯ ಅಡಿಯಲ್ಲಿ ತೆರೆದ ಗಾಳಿಯಲ್ಲಿ ಇದ್ದರೆ ಯಾವ ತೊಂದರೆಯೂ ಇಲ್ಲ. ಅದೇ ಸೈಲೆನ್ಸರ್ ಕೋಣೆಯೊಳಗೆ ಇದ್ದರೆ ಹೊಗೆಗೆ ಒಳಗೇ ಬಾಗಿಲು ತೆರೆದಂತೆ. ಸೈಲೆನ್ಸರ್ ಗೋಡೆಯ ಆಚೆಗೇ ಇರಬೇಕು. ಸಾಧ್ಯವಾದರೆ ಹೊಗೆ ಪೈಪ್‌ನ ಒಂದು ಜಾಯಿಂಟ್ ಕೂಡ ಕೋಣೆಯೊಳಗೆ ಬೇಡ. ಇಡೀ ಪೆಟ್ಟಿಗೆಯನ್ನೇ ಹೊರಗಿಟ್ಟು, ಬಿಸಿಗಾಳಿಯ ಕೊಳವೆಯನ್ನು ಮಾತ್ರ ಗೋಡೆ ದಾಟಿಸಿ ಒಳಗೆ ತರುವುದು ನನ್ನ ಪ್ರಕಾರ ಎಲ್ಲಕ್ಕಿಂತ ವಾಸಿ. ಬಿಸಿ ಸ್ವಲ್ಪ ಸೋರಿ ಹೋಗುತ್ತದೆ, ಹೋಗಲಿ ಬಿಡಿ. ಆದರೆ ಹಾಗೆ ಮಾಡಿದಾಗ ಹೀಟರ್ ಬಿಸಿಮಾಡಲು ಎಳೆದುಕೊಳ್ಳುವ ಗಾಳಿ ಹೊಗೆಯ ಬಾಯಿಂದ ದೂರದ್ದಾಗಿರಲಿ. ಇಲ್ಲದಿದ್ದರೆ ಹೊಗೆಯನ್ನೇ ಬಿಸಿ ಮಾಡಿ ಒಳಗೆ ಕಳಿಸಿದಂತಾಗುತ್ತದೆ.

ಹೊರಗೆ ಬಿಟ್ಟ ಹೊಗೆ ತಿರುಗಿ ಬರುವುದೂ ಉಂಟು. ಪೈಪ್ ಬಾಯಿ ಕಿಟಕಿಯ ಕೆಳಗಿದ್ದರೆ, ಗಾಳಿಕಂಡಿಯ ಹತ್ತಿರ ಇದ್ದರೆ, ಎರಡು ಗೋಡೆ ಸೇರುವ ಮೂಲೆಯಲ್ಲಿದ್ದರೆ, ಗಾಳಿ ಬೀಸಿದಾಗ ಹೊಗೆ ಒಳಕ್ಕೇ ಬರುತ್ತದೆ. ಹಿಮ ಬೀಳುವ ಕಡೆ ಒಂದೇ ರಾತ್ರಿಯಲ್ಲಿ ಪೈಪ್ ಬಾಯಿ ಮುಚ್ಚಿಹೋಗಬಹುದು. ಟೆಂಟ್‌ನಲ್ಲಂತೂ ಹೀಟರ್ ಹೊರಗಿದ್ದರೂ ಬಟ್ಟೆಯ ಅಡಿಯಿಂದ ಹೊಗೆ ಒಳಗೆ ಹೋದರೆ ತಡೆಯುವವರಿಲ್ಲ.

ಉರಿಯ ಗಾಳಿ ಎಳೆಯುವ ಪೈಪನ್ನು ಜನ ಮರೆತೇಬಿಡುತ್ತಾರೆ. 'ಅದು ಬರೀ ಗಾಳಿ ತಾನೇ' ಅಂತ ಕೋಣೆಯೊಳಗೇ ಬಿಡುತ್ತಾರೆ. ಹೀಗೆ ಮಾಡಿದರೆ ಹೀಟರ್ ಕೋಣೆಯ ಗಾಳಿಯನ್ನು ಸತತವಾಗಿ ಹೊರಗೆ ತಳ್ಳುತ್ತಿರುತ್ತದೆ. ಆ ಜಾಗ ತುಂಬಲು ಹೊರಗಿನ ಗಾಳಿ ಸಂದುಗೊಂದುಗಳಿಂದ ಒಳಗೆ ನುಗ್ಗುತ್ತದೆ. ಪಕ್ಕದಲ್ಲೇ ಹೊಗೆ ಇದ್ದರೆ ಅದೂ ಬರುತ್ತದೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಕೂಡ ಓಡುತ್ತಿದ್ದರೆ ಈ ಎಳೆತ ಇನ್ನೂ ಜೋರು. ಆ ಪೈಪ್ ಕೂಡ ಹೊರಗಿನಿಂದಲೇ ಗಾಳಿ ತೆಗೆದುಕೊಳ್ಳಬೇಕು, ಮತ್ತು ಹೊಗೆ ಬಾಯಿಯ ಪಕ್ಕದಲ್ಲಿ ಇರಬಾರದು. ಪಕ್ಕದಲ್ಲಿದ್ದರೆ ಹೀಟರ್ ತನ್ನ ಹೊಗೆಯನ್ನು ತಾನೇ ಉಸಿರಾಡುತ್ತದೆ. ಆಗ ಮಸಿಯೂ ಜಾಸ್ತಿ, ಕಾರ್ಬನ್ ಮಾನಾಕ್ಸೈಡ್ ಕೂಡ ಜಾಸ್ತಿ.

ಎತ್ತರದ ಜಾಗಗಳಲ್ಲಿ ಗಾಳಿ ತೆಳು. ಸುಮಾರು 1500 ಮೀಟರ್ ದಾಟಿದರೆ ಅದೇ ಪ್ರಮಾಣದ ಡೀಸೆಲ್‌ಗೆ ಆಕ್ಸಿಜನ್ ಸಾಲದೆ ಬರಬಹುದು. ಪಂಪ್ ಹಾಕುವ ಡೀಸೆಲ್ ಅನ್ನು ಕಡಿಮೆ ಮಾಡುವ ವ್ಯವಸ್ಥೆ ನಿಮ್ಮ ಹೀಟರ್‌ನಲ್ಲಿ ಇದೆಯಾ ಅಂತ ನೋಡಿಕೊಳ್ಳಿ.

ಹೀಟರ್ ಮೇಲೆ ವಿಶ್ವಸಂಸ್ಥೆಯ ವಾಹನ ನಿಯಮ 122ರ ಮುದ್ರೆ ಇದ್ದರೆ ಅದನ್ನು ಮನೆಗೆ ಸಿಕ್ಕ ಒಪ್ಪಿಗೆ ಅಂತ ತಿಳಿಯಬೇಡಿ. ಆ ನಿಯಮ ವಾಹನಗಳ ಹೀಟರ್‌ಗೆ ಮಾತ್ರ. ಕಟ್ಟಡಕ್ಕೆ ಬೇರೆಯೇ ನಿಯಮ ಇರುತ್ತದೆ, ವಿಮೆಯವರೂ ಕೇಳುತ್ತಾರೆ.

ಬೆಂಕಿಯ ಕಡೆ

ಹೊಗೆ ಪೈಪ್ 200 ಡಿಗ್ರಿ ಸುಲಭವಾಗಿ ದಾಟುತ್ತದೆ. ಮರದ ಗೋಡೆಗೆ ತೂತು ಕೊರೆದು ಸುಮ್ನೆ ತೂರಿಸಿದರೆ ಮರ ಮೊದಲ ದಿನ ಹೊತ್ತಿಕೊಳ್ಳದೇ ಇರಬಹುದು. ದಿನಾ ಕಾದು ಕಾದು ಕರಿಯಾಗುತ್ತಾ ಹೋಗಿ ಮುಂದೊಂದು ದಿನ ಹೊತ್ತಿಕೊಳ್ಳುತ್ತದೆ. ಗೋಡೆ ದಾಟುವಲ್ಲಿ ಅಗಲವಾದ ಲೋಹದ ತೋಳು, ನಡುವೆ ಬೆಂಕಿಗೆ ಸುಡದ ಹೊದಿಕೆ ಬೇಕು. ಬಿಸಿಗಾಳಿಯ ಬಾಯಿಯೂ ಚೆನ್ನಾಗಿ ಕಾಯುತ್ತದೆ. ಅದರ ಮುಂದೆ ಬಟ್ಟೆ ಒಣಗಲು ಹಾಕುವ ಅಭ್ಯಾಸ ಬೇಡ. ಗಾಳಿಗೆ ದಾರಿ ಇಲ್ಲದೆ ಹೀಟರ್ ಒಳಗೇ ಬೇಯುತ್ತದೆ.

ಡೀಸೆಲ್ ಪೆಟ್ರೋಲ್‌ನಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಸಾಕಷ್ಟು ಬಿಸಿಯಾದರೆ ಮಾತ್ರ ಕಿಡಿಗೆ ಹೊತ್ತುವಷ್ಟು ಆವಿ ಬಿಡುತ್ತದೆ. ಪೆಟ್ರೋಲ್ ಕೊರೆಯುವ ಚಳಿಯಲ್ಲೂ ಬಿಡುತ್ತದೆ. ಹಾಗಾಗಿ ಈ ಟ್ಯಾಂಕಿಗೆ ಪೆಟ್ರೋಲ್ ಬೆರೆಸುವ ಯೋಚನೆಯೇ ಬೇಡ. ಹಾಗಂತ ಡೀಸೆಲ್ ಸಾಧು ಅಂತಲೂ ಅಲ್ಲ. ಬಟ್ಟೆಗೋ ಹೀಟರ್ ಹೊದಿಕೆಗೋ ಹೀರಿಕೊಂಡರೆ ಅದು ಬತ್ತಿಯಂತೆ ಉರಿಯುತ್ತದೆ. ಟ್ಯಾಂಕ್ ಹೊರಗಿರಲಿ, ಹೀಟರ್ ಆರಿದ ಮೇಲೆಯೇ ತುಂಬಿಸಿ.

ವೈರ್ ಬಗ್ಗೆ ಒಂದು ಮಾತು. ಗ್ಲೋ ಪ್ಲಗ್ ಕಾಯುವ ಆ ಕೆಲವು ನಿಮಿಷ 12 ವೋಲ್ಟ್‌ನಲ್ಲಿ 10 ಆಂಪಿಯರ್ ಆಸುಪಾಸು ಎಳೆಯುತ್ತದೆ, ಆಮೇಲೆ ಬಹಳ ಕಡಿಮೆ. ಸಣ್ಣ ಅಡಾಪ್ಟರ್, ತೆಳು ವೈರ್ ಅಷ್ಟನ್ನು ತಡೆಯುವುದಿಲ್ಲ.

ಅಲಾರಂ ಹೇಗೆ ಕೆಲಸ ಮಾಡುತ್ತದೆ

ಮೂಗಿಗೆ ಸಿಗದ್ದನ್ನು ಹಿಡಿಯಲು ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದೇ ದಾರಿ. ಹೊಗೆಯ ಅಲಾರಂ ಬೇರೆ, ಇದು ಬೇರೆ. ಹೊಗೆಯ ಅಲಾರಂ ಈ ಅನಿಲವನ್ನು ಗುರುತಿಸುವುದಿಲ್ಲ.

ಯುರೋಪಿನ ಇಎನ್ 50291 ಮಾನದಂಡ ಹೇಳುವುದು ಹೀಗೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ಅನಿಲ 50 ಪಾಲು ಇದ್ದರೆ ಅಲಾರಂ 60ರಿಂದ 90 ನಿಮಿಷದೊಳಗೆ ಕೂಗಬೇಕು. 100 ಪಾಲು ಇದ್ದರೆ 10ರಿಂದ 40 ನಿಮಿಷ. 300 ಪಾಲು ಇದ್ದರೆ 3 ನಿಮಿಷದೊಳಗೆ. ಇಷ್ಟು ಸಮಯ ಯಾಕೆ? ವಿಷ ರಕ್ತದಲ್ಲಿ ಸೇರಲು ಹಿಡಿಯುವ ಸಮಯಕ್ಕೆ ತಕ್ಕಂತೆ ಲೆಕ್ಕ ಹಾಕಿದ್ದಾರೆ. ಇದರರ್ಥ, ಅಲಾರಂ ಸುಮ್ಮನಿದೆ ಅಂದರೆ ಗಾಳಿಯಲ್ಲಿ ಸೊನ್ನೆ ಇದೆ ಅಂತಲ್ಲ. ಅಂಕಿ ತೋರಿಸುವ ಪರದೆ ಇರುವ ಅಲಾರಂ ಕೊಳ್ಳಿ ಅನ್ನುವುದು ಇದಕ್ಕೇ. 15, 20 ಅಂತ ತೋರಿಸುತ್ತಿದ್ದರೆ ಕೂಗುವವರೆಗೆ ಕಾಯಬೇಕಾಗಿಲ್ಲ, ಎಲ್ಲೋ ಸೋರುತ್ತಿದೆ.

ಈ ಅನಿಲದ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ. ಅದು ನೆಲಕ್ಕೆ ಇಳಿಯುವುದೂ ಇಲ್ಲ, ಸೂರಿಗೆ ಅಂಟುವುದೂ ಇಲ್ಲ, ಎಲ್ಲ ಕಡೆ ಬೆರೆಯುತ್ತದೆ. ಮಲಗುವ ಕೋಣೆಯಲ್ಲಿ ತಲೆಯ ಎತ್ತರಕ್ಕೆ ಒಂದು, ಹೀಟರ್ ಇರುವ ಕಡೆ ಒಂದೆರಡು ಮೀಟರ್ ದೂರದಲ್ಲಿ ಒಂದು ಇರಲಿ. ಕಿಟಕಿಯ ಪಕ್ಕ ಬೇಡ. ಒಳಗಿನ ಸೆನ್ಸರ್‌ಗೆ ಆಯಸ್ಸಿದೆ. ಹಿಂಬದಿಯಲ್ಲಿ ಬರೆದಿರುವ ವರ್ಷ ನೋಡಿ. ಟೆಸ್ಟ್ ಬಟನ್ ಒತ್ತಿದರೆ ಸದ್ದು ಬರುತ್ತದೆ, ಬ್ಯಾಟರಿ ಇದೆ ಅಂತ ಗೊತ್ತಾಗುತ್ತದೆ. ಸೆನ್ಸರ್ ಬದುಕಿದೆ ಅಂತ ಗೊತ್ತಾಗುವುದಿಲ್ಲ.

ಹೊಸದಾಗಿ ಕೂರಿಸಿದಾಗ ಅಂಕಿ ತೋರಿಸುವ ಮೀಟರ್ ಹಿಡಿದು ಮೂರು ಕಡೆ ನೋಡಿ: ಬಿಸಿಗಾಳಿಯ ಬಾಯಿ, ಪೈಪ್ ಗೋಡೆ ದಾಟುವ ಜಾಗ, ಹತ್ತಿರದ ಕಿಟಕಿ. ಒಮ್ಮೆ ಜೋರಾಗಿ ಓಡಿಸಿ, ಒಮ್ಮೆ ನಿಧಾನಕ್ಕೆ ಇಟ್ಟು. ಬಿಸಿಗಾಳಿಯ ಬಾಯಿಯಲ್ಲೇ ಅಂಕಿ ಬಂದರೆ ಒಳಗಿನ ಲೋಹದ ಗೋಡೆಯೋ ಸೀಲೋ ಕೆಟ್ಟಿರಬಹುದು. ಲೋಟ ತೂತಾಗಿದೆ.

ಎಲ್ಲ ಸರಿ ಇದ್ದರೂ ಒಂದು ಸಣ್ಣ ಗಾಳಿಕಂಡಿ ತೆರೆದೇ ಇರಲಿ. ಕೋಣೆಯೊಳಗೆ ಇಟ್ಟ ಹೀಟರ್ ಅಲ್ಲಿನ ಗಾಳಿಯನ್ನೇ ತಿರುಗಿಸಿ ತಿರುಗಿಸಿ ಬಿಸಿ ಮಾಡುತ್ತದೆ, ಹೊಸ ಗಾಳಿ ತರುವುದಿಲ್ಲ. ಮಲಗಿದವರು ಬಿಡುವ ಉಸಿರು ಅಲ್ಲೇ ಉಳಿಯುತ್ತದೆ.

ನಿಲ್ಲಿಸುವುದಕ್ಕೂ ಕ್ರಮ ಇದೆ

ಆಫ್ ಒತ್ತಿದ ಮೇಲೂ ಫ್ಯಾನ್ ಮೂರರಿಂದ ಐದು ನಿಮಿಷ ತಿರುಗುತ್ತದೆ. ಒಳಗೆ ಉಳಿದ ಡೀಸೆಲ್ ಉರಿದು ಮುಗಿಯಬೇಕು, ಲೋಹ ತಣ್ಣಗಾಗಬೇಕು. ಸದ್ದು ಸಾಕು ಅಂತ ಪ್ಲಗ್ ಕಿತ್ತರೆ ಬಿಸಿ ಒಳಗೇ ಸಿಕ್ಕಿಬೀಳುತ್ತದೆ, ಪ್ಲಾಸ್ಟಿಕ್ ಭಾಗಗಳು ಕರಗಬಹುದು, ಅರೆಬರೆ ಹೊಗೆ ಹೋಗಲು ಫ್ಯಾನ್ ಇರುವುದಿಲ್ಲ. ಕರೆಂಟ್ ಹೋಗುವ ಕಡೆ ನಡುವೆ ಬ್ಯಾಟರಿ ಇರಲೇಬೇಕು ಅನ್ನುವುದು ಇದಕ್ಕೇ.

ಇನ್ನೊಂದು ತಪ್ಪು, ರಾತ್ರಿಯಿಡೀ ತೀರಾ ಕಡಿಮೆಯಲ್ಲಿ ಇಡುವುದು. ಉರಿ ತಣ್ಣಗಿದ್ದರೆ ಮಸಿ ಕಟ್ಟುತ್ತದೆ, ಮಸಿ ಕಟ್ಟಿದರೆ ಗಾಳಿಯ ದಾರಿ ಕಿರಿದಾಗುತ್ತದೆ, ಉರಿ ಇನ್ನೂ ಕೆಡುತ್ತದೆ. ಆಗಾಗ ಪೂರ್ತಿ ಜೋರಿನಲ್ಲಿ ಓಡಿಸಿದರೆ ಮಸಿ ಉರಿದುಹೋಗುತ್ತದೆ. ಶುರುವಾಗಿ ಎಷ್ಟೋ ಹೊತ್ತಾದರೂ ಹೊಗೆ ಕಪ್ಪಾಗಿಯೇ ಬರುತ್ತಿದ್ದರೆ ಬಿಚ್ಚಿ ಸ್ವಚ್ಛ ಮಾಡುವ ಸಮಯ ಬಂತು.

ತಲೆನೋವು ಬಂದರೆ

ತಲೆನೋವು, ತಲೆಸುತ್ತು, ವಾಕರಿಕೆ, ಕೈಕಾಲಲ್ಲಿ ಶಕ್ತಿ ಇಲ್ಲ. ನೋಡಿದರೆ ಫ್ಲೂ ಹಾಗೇ, ಆದರೆ ಜ್ವರ ಇಲ್ಲ. ಮನೆಯವರಿಗೆಲ್ಲ ಒಟ್ಟಿಗೇ ಶುರುವಾಗಿದೆ, ನಾಯಿಯೂ ಮಂಕಾಗಿದೆ, ಹೊರಗೆ ಹೋದರೆ ಸ್ವಲ್ಪ ಹಗುರ ಅನ್ನಿಸುತ್ತದೆ. ಹೀಗಿದ್ದರೆ ಎಲ್ಲಿ ಸೋರುತ್ತಿದೆ ಅಂತ ಹುಡುಕುತ್ತಾ ನಿಲ್ಲಬೇಡಿ. ಎಲ್ಲರನ್ನೂ ಎಬ್ಬಿಸಿ ಹೊರಗೆ ಕರೆದುಕೊಂಡು ಹೋಗಿ. ದಾರಿಯಲ್ಲಿ ಸಿಕ್ಕ ಬಾಗಿಲು ತೆರೆದಿಡಿ. ತುರ್ತು ಸಹಾಯಕ್ಕೆ ಹೊರಗಿನಿಂದ ಫೋನ್ ಮಾಡಿ.

ಸಾಮಾನ್ಯ ಗಾಳಿ ಉಸಿರಾಡುತ್ತಿದ್ದರೆ ರಕ್ತದಲ್ಲಿ ಸೇರಿದ್ದರಲ್ಲಿ ಅರ್ಧ ಇಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕ್‌ನಲ್ಲಿ ಶುದ್ಧ ಆಕ್ಸಿಜನ್ ಕೊಟ್ಟರೆ ಅದೇ ಕೆಲಸ ಒಂದು, ಒಂದೂವರೆ ಗಂಟೆಯಲ್ಲಿ ಆಗುತ್ತದೆ. 'ಹೊರಗೆ ಬಂದೆವಲ್ಲ, ಸರಿಹೋಗುತ್ತದೆ' ಅಂತ ಆಸ್ಪತ್ರೆ ತಪ್ಪಿಸಬಾರದು ಅನ್ನುವುದು ಅದಕ್ಕೇ.

ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿತು ಅಂತ ಸಮಾಧಾನ ಪಡಬೇಡಿ. ಸೀಟಿನಲ್ಲಿ ಕೂತಿರುವುದು ಆಕ್ಸಿಜನ್ನಾ, ಕಾರ್ಬನ್ ಮಾನಾಕ್ಸೈಡಾ ಅಂತ ಆ ಸಾಮಾನ್ಯ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಸೀಟು ತುಂಬಿದೆ ಅಂತ ಅಷ್ಟೇ ಹೇಳುತ್ತದೆ. ಸರಿಯಾಗಿ ತಿಳಿಯಲು ರಕ್ತ ಪರೀಕ್ಷೆಯೇ ಆಗಬೇಕು. ಮನೆಯಲ್ಲಿ ಡೀಸೆಲ್ ಹೀಟರ್ ಓಡುತ್ತಿತ್ತು ಅನ್ನುವುದನ್ನು ಡಾಕ್ಟರಿಗೆ ಎಲ್ಲಕ್ಕಿಂತ ಮೊದಲು ಹೇಳಿ.